ಮುಖ ಇಟ್ಟ ಪೆಟ್ಟಿ

ಜೂನ್ ೨, ಸೋಮವಾರ

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಬೇರೆ ಯಾರಿಗೂ ಈ ಅಕ್ಷರ ಬರುವುದಿಲ್ಲ, ಅದಕ್ಕೆ. ಮನೆಮಾತು ಕನ್ನಡವೇ. ಅತ್ತೆ ಮುತ್ತಮ್ಮಾಳ್ ಇವತ್ತಿಗೂ ಅದನ್ನೇ ಆಡುತ್ತಾರೆ. ಆದರೆ ಕಂಬಂ ಕಡೆಯ ನಮ್ಮವರೆಲ್ಲ ಓದಿದ್ದು ತಮಿಳು. ಅಪ್ಪ ಮೈಸೂರಿನ ನೂಲಿನ ಗಿರಣಿಯಲ್ಲಿದ್ದಾಗ ಏಳನೆಯ ತರಗತಿವರೆಗೆ ಅಲ್ಲಿ ಓದಿದ್ದರಿಂದ ನನಗೊಬ್ಬಳಿಗೆ ಇದು ದಕ್ಕಿದೆ. ಮದುವೆಯಾದಾಗಿನಿಂದ ನಾನೂ ನನ್ನ ಗಂಡ ದುರೈಯೂ ಮಾತಾಡಿಕೊಂಡದ್ದು ತಮಿಳಿನಲ್ಲೇ. ಯಾಕೆ ಎಂದು ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ.

ಈಗ ಅವರಿಗೆ ಮಾತಿಲ್ಲ. ಮೇ ತಿಂಗಳಲ್ಲಿ ಒಟ್ಟಂಚತ್ರದ ತರಕಾರಿ ಮಂಡಿಯಲ್ಲೇ ಕುಸಿದುಬಿದ್ದರು. ಫೋನ್ ಮಾಡಿದ್ದು ಕಮಿಷನ್ ಮಂಡಿಯ ಪ್ರಭಾಕರನ್, ಆಸ್ಪತ್ರೆಗೆ ಸೇರಿಸಿದ್ದೂ ತಾನೇ ಎಂದ. ಬಲಗೈ ಎಳೆದುಕೊಂಡಿದೆ, ನಾಲಿಗೆಯೂ ಹಾಗೇ. ಎಲ್ಲ ಅರ್ಥವಾಗುತ್ತದೆ ಅನ್ನುತ್ತಾರೆ ಡಾಕ್ಟರು. ಹೊರಗೆ ಬರುವುದು ಬರೀ ಗೊಗ್ಗರು ಸದ್ದು.

ದಿಂಡಿಗಲ್‌ನಲ್ಲಿರುವ ನಮ್ಮ ಊಟದ ಹೋಟೆಲಿನಲ್ಲಿ ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕೂತವಳು. ತರಕಾರಿ ಎಲ್ಲಿಂದ ಬರುತ್ತದೆ, ಹೇಗೆ ಬರುತ್ತದೆ ಎಂದು ಕೇಳಿದವಳೇ ಅಲ್ಲ. ಇಷ್ಟು ದಿನ ಪ್ರಭಾಕರನ್ ಗಾಡಿಯಲ್ಲಿ ಕಳಿಸುತ್ತಿದ್ದ. ಇವತ್ತು ನಾನೇ ಹೋಗಿದ್ದೆ.

"ಅಣ್ಣೀ, ನೀವ್ ಯಾಕ್ ಬಂದ್ರಿ? ಒಂದ್ ಫೋನ್ ಮಾಡಿದ್ರೆ ಸಾಕಿತ್ತಲ್ಲ" ಎಂದು ಎದ್ದು ನಿಂತ. ಅವನದೂ ನಮ್ಮದೇ ಮನೆಮಾತು. ಇವರನ್ನು ಅಣ್ಣ ಎಂದು ಕರೆಯುವುದರಿಂದ ನನ್ನನ್ನು ಅಣ್ಣಿ ಅನ್ನುತ್ತಾನೆ. ಕುರ್ಚಿ ಹಾಕಿಸಿದ, ಚಹಾ ತರಿಸಿದ. ನನ್ನೊಡನೆ ಕನ್ನಡದಲ್ಲಿ ನಗುತ್ತಾ ಮಾತಾಡುವವನು ಹಮಾಲರ ಕಡೆ ತಿರುಗಿ ಏನೋ ತಮಿಳಿನಲ್ಲಿ ಹೇಳುತ್ತಿದ್ದ. ತಮಿಳು ನನಗೆ ಚೆನ್ನಾಗಿ ಬರುತ್ತದೆ. ಆದರೆ ಅವನು ಹೇಳಿದ್ದು ಮಾತ್ರ ಒಂದೂ ಅರ್ಥವಾಗಲಿಲ್ಲ.

ಜೂನ್ ೫, ಗುರುವಾರ

ಮಂಡಿಯ ಮಾತೇ ಬೇರೆ. ರಕಂ ಅಂದರೆ ದರ್ಜೆ. ಅಷ್ಟು ತಿಳಿಯಿತು. ಪೊಡಿ ಅಂದರೆ ಪುಡಿಯಲ್ಲ, ಸಣ್ಣ ಗಾತ್ರದ ಈರುಳ್ಳಿ. ಕಳಿವು ಅಂದರೆ ಕೊಳೆತದ್ದರ ಲೆಕ್ಕಕ್ಕೆ ತೂಕದಲ್ಲಿ ಕಳೆಯುವುದು. ಯಾರ ಪರವಾಗಿ ಕಳೆಯುತ್ತಾರೆ ಎಂದು ಕೇಳಿದರೆ ಒಬ್ಬೊಬ್ಬ ಒಂದೊಂದು ಹೇಳುತ್ತಾನೆ. 'ಹೋಟೆಲ್ ಸರಕು' ಅಂದಾಗ ಹೋಟೆಲಿಗೆಂದೇ ಎತ್ತಿಟ್ಟ ಒಳ್ಳೆಯ ಮಾಲು ಎಂದುಕೊಂಡು ಹಿಗ್ಗಿದೆ. ಆಮೇಲೆ ನೋಡಿದರೆ ಅಂಕುಡೊಂಕು ಬದನೆಕಾಯಿ, ಬಾಯಿಬಿಟ್ಟ ಟೊಮೆಟೊ. ಹೇಗಿದ್ದರೂ ಹೆಚ್ಚಿ ಬೇಯಿಸುವುದು ತಾನೇ, ಅದಕ್ಕೆ ಹೋಟೆಲ್ ಸರಕು. ಮದುವೆಗೆ ಹೋಗುವುದು ಬೇರೆ, ಹೊಳೆಯುವಂಥದು.

ಹೊರಡುವಾಗ ಮಂಡಿಯ ಆ ತುದಿಯಿಂದ ಯಾರೋ ಕೂಗಿದರು: ದುರೈ ರಕಂ ಬಂದಿದೆ, ಯಾರಿಗೆ ಬೇಕು?

ನನ್ನ ಗಂಡನ ಹೆಸರು. ಅದೂ ತರಕಾರಿಗೆ!

ಪ್ರಭಾಕರನ್‌ನನ್ನು ಕೇಳಿದೆ. ಅವನು ಚಹಾದ ಲೋಟದೊಳಗೆ ನೋಡುತ್ತಾ, "ಅದೆಲ್ಲಾ ನಿಮ್ಗೆ ಯಾಕ್ ಅಣ್ಣೀ, ಬಿಡಿ" ಅಂದ.

ಜೂನ್ ೬, ಶುಕ್ರವಾರ

ಬಿಡಿ ಅಂದದ್ದು ಯಾಕೆ?

ಜೂನ್ ೧೦, ಮಂಗಳವಾರ

ಮಾತು ಕಲಿಸಲು ಆಸ್ಪತ್ರೆಯಿಂದ ಒಬ್ಬ ಹುಡುಗಿ ಬರುತ್ತಾಳೆ, ಯುವಶ್ರೀ ಎಂದು. ತಮಿಳಿನಲ್ಲಿ ಚಿತ್ರ ತೋರಿಸಿ ತೋರಿಸಿ ಅವಳೂ ಸೋತಳು, ಇವರೂ ಸೋತರು. ಅಷ್ಟರಲ್ಲಿ ಅತ್ತೆ ಒಳಗಿನಿಂದ, "ಏ ಅಪ್ಪಾ, ನೀರ್ ಕುಡಿತೀಯಾ?" ಎಂದು ಕೇಳಿದರು. ಇವರು ಸ್ಪಷ್ಟವಾಗಿ "ಬ್ಯಾಡ" ಅಂದರು.

ಅತ್ತೆ ಬಾಗಿಲಲ್ಲೇ ಕೂತು ಅತ್ತರು. ಯುವಶ್ರೀ ಮಾತ್ರ ಕಣ್ಣರಳಿಸಿ, ಚಿಕ್ಕಂದಿನಲ್ಲಿ ಆಡಿದ ಭಾಷೆ ಯಾವುದು ಎಂದು ಕೇಳಿದಳು. ಇನ್ನು ಮೇಲೆ ಮನೆಯವರೆಲ್ಲ ಅದರಲ್ಲೇ ಮಾತಾಡಿಸಿ ಎಂದಳು.

ಅವಳು ಹೋದ ಮೇಲೆ ಪಕ್ಕದಲ್ಲಿ ಕೂತು ಪ್ರಯತ್ನಿಸಿದೆ. ನನ್ನ ಕನ್ನಡ ಪುಸ್ತಕದ್ದು, ಅವರದು ಅಮ್ಮನ ಮಡಿಲಿನದು. "ನಾನು ಮಂಡಿಗೆ ಹೋಗಿದ್ದೆ" ಎಂದೆ. ಕಣ್ಣು ಮಿನುಗಿತು. ತುಟಿ ಬಹಳ ಹೊತ್ತು ಒದ್ದಾಡಿ, "ಪಾಂಡಿ" ಅಂದರು. "ಪಾಂಡಿ... ಈಸು... ರಿ."

ಪಾಂಡೀಶ್ವರಿ. ಅಮುದಾ ಎಂಬ ನನ್ನ ಹೆಸರು ಇನ್ನೂ ಆ ಬಾಯಿಂದ ಬಂದಿಲ್ಲ.

ಜೂನ್ ೧೨, ಗುರುವಾರ

ನೋಡಿದೆ ಅವಳನ್ನು. ಪಾಂಡೀಶ್ವರಿ ಯಾರು ಎಂದು ಕೇಳಿದ ಕೂಡಲೇ ಹಮಾಲನೊಬ್ಬ ಕೈ ತೋರಿಸಿದ.

ಮಂಡಿಯ ಆ ತುದಿಯಲ್ಲಿ ಬೇವಿನ ಮರದ ಕೆಳಗೆ ಕೂರುತ್ತಾಳೆ. ಕೇರಳದ ಲಾರಿಯವರು ಬೇಡವೆಂದು ತಳ್ಳಿದ ಟೊಮೆಟೊ, ಬದನೆ, ನುಗ್ಗೆಯನ್ನು ಕೊಂಡು, ದರ್ಜೆಯಂತೆ ತರ ಬಿಡಿಸಿ ಮಾರುವ ಹೆಂಗಸು. ನನಗಿಂತ ಚಿಕ್ಕವಳು. ಮೂಗಿನ ಎರಡೂ ಕಡೆ ನತ್ತು. ಕೈ ಅಷ್ಟು ಚುರುಕು, ಕಣ್ಣು ಅದಕ್ಕಿಂತ ಚುರುಕು. ನಾನು ಯಾರೆಂದು ಹೇಳುವ ಮೊದಲೇ ಎದ್ದು ನಿಂತಳು.

"ಅಕ್ಕಾ... ಅಣ್ಣ ಹೆಂಗವ್ರೆ?"

ಕನ್ನಡ! ಕೇಳಿದರೆ ವೇದಸಂದೂರಿನ ಕಡೆಯವಳಂತೆ, ಅಲ್ಲಿಯೂ ನಮ್ಮವರಿದ್ದಾರಂತೆ. ಇಷ್ಟು ವರ್ಷ ನನ್ನೊಡನೆ ತಮಿಳಿನಲ್ಲಿ ಸಂಸಾರ ಮಾಡಿದ ಮನುಷ್ಯ ಇವಳ ಮುಂದೆ ಕೂತು ತಾಯಿಯ ಮಾತು ಆಡುತ್ತಿದ್ದರು ಎಂದಾಯಿತು.

"ಚೆನ್ನಾಗಿದ್ದಾರೆ" ಎಂದು ಹೇಳಿ ತಿರುಗಿ ಬಂದುಬಿಟ್ಟೆ. ಅವಳು ಏನನ್ನೋ ಬುಟ್ಟಿಗೆ ತುಂಬಲು ಹೊರಟಿದ್ದಳು. ಬೇಡ ಎನ್ನಲೂ ನಿಲ್ಲಲಿಲ್ಲ.

ಪ್ರಭಾಕರನ್ ತನ್ನ ಕಟ್ಟೆಯ ಮೇಲಿಂದ ನೋಡುತ್ತಲೇ ಇದ್ದ. "ಅಣ್ಣೀ, ನಾನ್ ಹೇಳ್ಬಾರ್ದು. ಅಣ್ಣ ಇಲ್ಲಿಗ್ ಬಂದ್ರೆ ಅರ್ಧ ಹೊತ್ತು ಅಲ್ಲೇ. ಮೊದಲ್ ರಕಂ ನನ್ ಹತ್ರ ಇರೋವಾಗ ಬೇರೆಯೋರು ಬೇಡ ಅಂತ ತಳ್ಳಿದ್ದನ್ನ ಯಾರಾದ್ರೂ ಯಾಕ್ ತಕೊಳ್ತಾರೆ? ಮಂಡೀಲಿ ಅದ್ಕೆ ದುರೈ ರಕಂ ಅಂತ ಹೆಸ್ರೇ ಬಿದ್ದೋಯ್ತು."

ನಕ್ಕ. ಹಮಾಲರೂ ನಕ್ಕರು. ನಾನು ಸೀರೆಯ ಸೆರಗನ್ನು ಹೊದ್ದುಕೊಂಡು ಗಾಡಿ ಹತ್ತಿದೆ.

ಜೂನ್ ೧೩, ಶುಕ್ರವಾರ

ಆಸ್ಪತ್ರೆಯವರು ಕೊಟ್ಟಿದ್ದ ಚೀಲವನ್ನು ಇವತ್ತು ಬಿಚ್ಚಿದೆ. ಅವತ್ತು ತೊಟ್ಟಿದ್ದ ಅಂಗಿ, ಪಂಚೆ. ಅದರೊಳಗೆ ಸುತ್ತಿಕೊಂಡು ಒಂದು ಹಸಿರು ತುಂಡುಬಟ್ಟೆ, ಹೆಂಗಸರು ಬಿಸಿಲಿಗೆ ತಲೆಗೆ ಕಟ್ಟುವಂಥದು. ಬೇವಿನ ಮರದ ಕೆಳಗೆ ಅವಳ ತಲೆಯ ಮೇಲೆ ಇದ್ದದ್ದೂ ಅಂಥದ್ದೇ.

ಅತ್ತೆಗೆ ತೋರಿಸಲಿಲ್ಲ. ಇವರ ಮುಂದೆ ಹಿಡಿದೆ. ನೋಡಿದರು, ಎಡಗೈ ಚಾಚಿ ಅದನ್ನು ತೆಗೆದುಕೊಂಡು ಎದೆಯ ಮೇಲೆ ಇಟ್ಟುಕೊಂಡರು.

ಊಟ ಬಡಿಸಲು ಅತ್ತೆಗೇ ಹೇಳಿದೆ.

ಜೂನ್ ೧೭, ಮಂಗಳವಾರ

ಇನ್ನು ಮೇಲೆ ಎಲ್ಲ ಪ್ರಭಾಕರನ್ ಮಂಡಿಯಿಂದಲೇ, ಎಲ್ಲ ಮೊದಲ ರಕಂ. ಪೆಟ್ಟಿ ತೆರೆದರೆ ಟೊಮೆಟೊ ದೇವರ ಮುಂದೆ ಜೋಡಿಸಿದ ಹಾಗೆ ಕಾಣುತ್ತದೆ. ಖರ್ಚು ಹೆಚ್ಚಾದರೆ ಆಗಲಿ. ಕಸವನ್ನು ಬೇಯಿಸಿ ಊರಿಗೆ ಬಡಿಸುವುದು ಇನ್ನು ಸಾಕು. ಆ ಮರದ ಕಡೆ ನಾನು ತಿರುಗಿಯೂ ನೋಡುವುದಿಲ್ಲ.

ತಿರುಗಿ ನೋಡಿದೆ. ಅವಳು ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಜೂನ್ ೨೦, ಶುಕ್ರವಾರ

ಪಳನಿಗೆ ಹೋಗಿ ಬರುವಾಗಲೆಲ್ಲ ನಮ್ಮಲ್ಲೇ ಊಟ ಮಾಡುವ ಒಬ್ಬ ಹಿರಿಯರಿದ್ದಾರೆ. ಇವತ್ತು ಎರಡನೆಯ ಸಲ ಸಾಂಬಾರು ಹಾಕಿಸಿಕೊಳ್ಳಲಿಲ್ಲ. ಕೈ ತೊಳೆದು ಬಂದು, "ಅಡುಗೆ ಮಾಸ್ಟರ್ ಬದಲಾದರೇನಮ್ಮಾ?" ಎಂದು ಕೇಳಿದರು. ಬದಲಾಗಿಲ್ಲ.

ಅಡುಗೆಮನೆಗೆ ಹೋಗಿ ಮಾಸ್ಟರನ್ನು ಕೇಳಿದೆ. ಸೌಟು ಕೆಳಗಿಟ್ಟು, ಒಂದು ಟೊಮೆಟೊ ಎತ್ತಿ ತೋರಿಸಿ ಅವರು, "ಅಮ್ಮಾ, ಇದು ನೋಡೋಕಷ್ಟೇ ಇರೋ ತಕ್ಕಾಳಿ. ಗಟ್ಟಿ. ಹುಳೀನೂ ಇಲ್ಲ, ರಸಾನೂ ಇಲ್ಲ. ಹುಣಸೇಹಣ್ಣು ಸುರಿದು ಸುರಿದು ನನ್ ಕೈ ಸಾಕಾಯ್ತು. ಅಣ್ಣ ತರ್ತಿದ್ದದ್ದೇ ತಂದುಕೊಡಿ" ಅಂದರು.

ಹೌದಲ್ಲ, ಇವರಿಗೂ ಆ ಮರದ ಕೆಳಗಿನದೇ ಬೇಕು! ಮಾಸ್ಟರಿಗೂ ಅವಳಿಗೂ ಏನು ಒಪ್ಪಂದವೋ. ಬೇಕೆಂದೇ ರುಚಿ ಕೆಡಿಸುತ್ತಿರಬಹುದು. ಈಗ ಸಾಂಬಾರಿಗೆ ಉಪ್ಪು ಹಾಕುವಾಗ ಹಿಂದೆ ನಿಂತು ನೋಡುತ್ತೇನೆ. ಅವರಿಗೆ ಅದು ಇಷ್ಟವಾಗುತ್ತಿಲ್ಲ. ನನಗೂ ಇಷ್ಟವಿಲ್ಲ.

ಇವರಿಗೆ ಹೋಟೆಲಿನ ಸಾಂಬಾರೇ ತರಿಸಿದೆ. ಒಂದು ತುತ್ತು ತಿಂದು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದರು.

ಜೂನ್ ೨೪, ಮಂಗಳವಾರ

ಇವತ್ತು ಹೇಳದೆ ಹೋಗಿದ್ದೆ, ಎಂದಿಗಿಂತ ಬೇಗ. ಪ್ರಭಾಕರನ್ ಬೆನ್ನು ತಿರುಗಿಸಿ ನಿಂತಿದ್ದ. ಹಮಾಲನಿಗೆ ಹೇಳುತ್ತಿದ್ದ: "ದಿಂಡಿಗಲ್ ಅಣ್ಣಿ ಪೆಟ್ಟಿಕ್ಕು ಮುಗಂ ವೈ."

ದಿಂಡಿಗಲ್ ಅತ್ತಿಗೆಯ ಪೆಟ್ಟಿಗೆ ಮುಖ ಇಡು. ಇದೆಂಥ ಮಾತು? ನನ್ನನ್ನು ನೋಡಿದ ಕೂಡಲೇ ಮಾತು ನಿಂತಿತು, ಕುರ್ಚಿ ಬಂತು, ಚಹಾ ಬಂತು. ಏನೂ ಕೇಳದೆ ಪೆಟ್ಟಿಗಳನ್ನು ಹೇರಿಸಿಕೊಂಡು ಬಂದೆ.

ಮನೆಗೆ ಬಂದವಳೇ ಇವರ ಮುಂದೆ ನಿಂತೆ. ಇಷ್ಟು ದಿನ ಔಷಧಿ ಕೊಡುವುದಕ್ಕೆ ಬಿಟ್ಟು ಹತ್ತಿರ ಹೋಗಿರಲಿಲ್ಲ. "ಮಂಡೀಲಿ ಪೆಟ್ಟಿಗೆ ಮುಖ ಇಡೋದು ಅಂದ್ರೇನು?" ಎಂದು ಕನ್ನಡದಲ್ಲೇ ಕೇಳಿದೆ.

ಅವರು ನನ್ನ ಮುಖವನ್ನು ನೋಡಿದರು, ಆಮೇಲೆ ಅತ್ತೆಯ ಪಕ್ಕದಲ್ಲಿದ್ದ ಈರುಳ್ಳಿ ಬುಟ್ಟಿಯನ್ನು. ಎಡಗೈಯಿಂದ ಅದನ್ನು ಎಳೆದುಕೊಂಡರು. ಮೆತ್ತಗಾದವು, ಮೊಳೆತವು, ಅತ್ತೆ ಬಿಸಾಡಲೆಂದು ಬೇರೆ ಇಟ್ಟಿದ್ದವು, ಎಲ್ಲವನ್ನೂ ಬುಟ್ಟಿಯ ತಳಕ್ಕೆ ಹಾಕಿದರು. ಮೇಲೆ ದಪ್ಪ, ಕೆಂಪು ಈರುಳ್ಳಿಗಳನ್ನು ಒಂದೊಂದಾಗಿ ಹೊದಿಸಿದರು. ಒಂದು ಉರುಳಿಹೋಯಿತು, ನಾನು ಎತ್ತಿಕೊಟ್ಟೆ. ಮುಗಿದ ಮೇಲೆ ಬುಟ್ಟಿಯನ್ನು ನನ್ನ ಕಡೆ ತಳ್ಳಿ, ಅಂಗಡಿಯವನ ಹಾಗೆ ತಲೆಯಾಡಿಸಿ ನಕ್ಕರು. ಅರ್ಧ ಬಾಯಿಯ ನಗು. ನಂತರ ಬುಟ್ಟಿಯನ್ನು ಬೋರಲು ಮಾಡಿದರು.

ಅತ್ತೆ ಬೈದರು, ಮನೆಯೆಲ್ಲಾ ಕೊಳೆತ ವಾಸನೆ ಎಂದು.

ನಾನು ಎದ್ದು ಹೋಟೆಲಿಗೆ ಹೋದೆ. ಇವತ್ತಿನ ಪೆಟ್ಟಿಗಳು ಇನ್ನೂ ಅಡುಗೆಮನೆಯ ಮೂಲೆಯಲ್ಲಿದ್ದವು. ಮೇಲಿನ ಸಾಲನ್ನು ಎತ್ತಿದೆ. ಕೆಳಗೆ ಹಸಿರು, ಅದರ ಕೆಳಗೆ ಒಡೆದದ್ದು. ಮಾಸ್ಟರನ್ನು ಕರೆದು ಕೇಳಿದೆ, ಯಾವಾಗಿನಿಂದ ಹೀಗಿದೆ? "ಅಣ್ಣ ಬಿದ್ದ ಮೇಲಿಂದ" ಅಂದರು. ಯಾಕೆ ಹೇಳಲಿಲ್ಲ? "ನೀವು ನನ್ನ ಹಿಂದೇನೇ ನಿಂತಿದ್ರಿ, ಅಮ್ಮಾ. ಯಾರಿಗ್ ಹೇಳೋದು?"

ಜೂನ್ ೨೫, ಬುಧವಾರ

ಪ್ರಭಾಕರನ್ ಚಹಾ ತರಿಸುವ ಮೊದಲೇ, "ಒಂದು ಪೆಟ್ಟಿ ನೆಲಕ್ಕೆ ಸುರೀರಿ" ಎಂದೆ.

"ಸುರಿದ್ರೆ ಸರಕು ಕೆಟ್ಟೋಗ್ತದೆ ಅಣ್ಣೀ."

"ಕೆಟ್ಟರೆ ನಂದು."

ಹಮಾಲರು ಅವನ ಮುಖ ನೋಡಿದರು. ಅಕ್ಕಪಕ್ಕದ ಕಟ್ಟೆಯವರೂ ನೋಡಿದರು. ಅವನು ಧ್ವನಿ ತಗ್ಗಿಸಿ, "ಒಂದೇ ಮನೆಮಾತಿನೋರು ನಾವು. ನಾಲ್ಕ್ ಜನದ ಮುಂದೆ ಹಿಂಗೆ ಮಾಡ್ಬಹುದಾ?" ಅಂದ.

ಆ ಮಾತೇ ನನ್ನನ್ನು ಕೆರಳಿಸಿತು. ಇಷ್ಟು ದಿನ ನನ್ನ ಬಾಯಿ ಕಟ್ಟಿದ್ದು ಅದೇ ಅಲ್ಲವೇ! ಮಂಡಿಗೆಲ್ಲ ಕೇಳುವ ಹಾಗೆ ತಮಿಳಿನಲ್ಲೇ ಹೇಳಿದೆ, ನನ್ನ ಪೆಟ್ಟಿಗೆ ಮುಖ ಬೇಡ, ತಳ ಬೇಕು ಎಂದು. ನಾನೇ ಪೆಟ್ಟಿಯ ಅಂಚು ಹಿಡಿದು ಬೋರಲು ಮಾಡಿದೆ. ಕೆಂಪಾದದ್ದು ಮೊದಲು ಉರುಳಿತು, ಆಮೇಲೆ ಹಸಿರು, ಕೊನೆಗೆ ನೀರು ಸೋರುವ ತಳ. ಯಾರೋ ಶಿಳ್ಳೆ ಹೊಡೆದರು. ಪ್ರಭಾಕರನ್ ಹಮಾಲನನ್ನು ಬೈಯಲು ಶುರು ಮಾಡಿದ, ಎಲ್ಲ ಅವನದೇ ತಪ್ಪು ಎಂಬಂತೆ. ಆ ಹಮಾಲ ತಲೆ ತಗ್ಗಿಸಿ ನಿಂತದ್ದು ನೋಡಲಾಗಲಿಲ್ಲ.

ಬರಿಗೈಯಲ್ಲಿ ಮನೆಗೆ ಬಂದೆ. ನಾಳೆಯ ಸಾಂಬಾರಿಗೆ ದಿಂಡಿಗಲ್ ಸಂತೆಯಲ್ಲೇ ಹೆಚ್ಚು ಕೊಟ್ಟು ತಂದದ್ದಾಯಿತು.

ಜೂನ್ ೨೭, ಶುಕ್ರವಾರ

ಅವನು ಕಳ್ಳ ಎಂದ ಮಾತ್ರಕ್ಕೆ ಇವಳು ಸಾಚಾ ಎಂದೇನೂ ಆಗುವುದಿಲ್ಲ. ಹಾಗೆ ಅಂದುಕೊಂಡೇ ಬೇವಿನ ಮರದ ಕೆಳಗೆ ಹೋದೆ. ಹಸಿರು ತುಂಡನ್ನು ಅವಳ ಮುಂದೆ ಇಟ್ಟೆ.

"ಇದು ನಿನ್ನದಾ?"

"ನಂದೇ ಅಕ್ಕಾ. ಅವತ್ತು ಅಣ್ಣ ಇಲ್ಲೇ, ಈ ತಕ್ಕಾಳಿ ಮೇಲೇ ಬಿದ್ರು. ಬಾಯಲ್ಲಿ ನೊರೆ ಬಂತು. ಒರೆಸೋಕೆ ಬೇರೇನೂ ಕೈಗೆ ಸಿಕ್ಲಿಲ್ಲ. ಆಟೋದಲ್ಲಿ ಆಸ್ಪತ್ರೆಗಂಟ ನನ್ ಮಡಿಲಲ್ಲೇ ತಲೆ ಇಟ್ಕೊಂಡಿದ್ರು."

"ಪ್ರಭಾಕರನ್ ತಾನೇ ಕರೆದುಕೊಂಡು ಹೋದೆ ಅಂದನಲ್ಲ."

"ಫೋನ್ ಮಾಡಿದ್ದು ಅವ್ರೇ. ನಂಬರ್ ಅವರ ಹತ್ರ ತಾನೇ ಇದ್ದದ್ದು."

ಅವಳು ಪ್ರಭಾಕರನ್ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಅದೂ ನನಗೆ ಸಂಶಯವೇ. ಕೊನೆಗೆ ಕೇಳಿಯೇಬಿಟ್ಟೆ, ಅವರು ಯಾಕೆ ಬರೀ ನಿನ್ನ ಹೆಸರನ್ನೇ ಹೇಳುತ್ತಾರೆ ಎಂದು.

ಅವಳ ಕೈ ನಿಂತಿತು. ಮುಖ ಕೆಂಪಾಯಿತು. ನಾಚಿಕೆಯೋ ಸಿಟ್ಟೋ, ಮೊದಲು ಗೊತ್ತಾಗಲಿಲ್ಲ. ಸಿಟ್ಟೇ.

"ದಿನಾ ನನ್ ಹತ್ರ ಜಗಳ ಆಡೋರು ಅಕ್ಕಾ! ಇದು ನಾಳೆಗೆ, ಇದು ಇವತ್ತಿಗೆ, ಇದು ನಿನ್ನೇದು ಅಂತ ಒಂದೊಂದನ್ನೂ ಒತ್ತಿ ಒತ್ತಿ ನೋಡಿ, ನಾನ್ ತರ ಬಿಡಿಸಿದ್ದನ್ನ ಮತ್ತೆ ಬಿಡಿಸೋರು. ಕೇರಳದ ಲಾರಿಗೆ ದೂರ ಹೋಗ್ಬೇಕು, ಅದ್ಕೆ ಗಟ್ಟಿ ಇರೋದೇ ಬೇಕು. ಇವತ್ತೇ ಬೇಯೋ ಹಣ್ಣು ಅವ್ರಿಗ್ ಬೇಡ. ಅಣ್ಣಂಗೆ ಅದೇ ಬೇಕು. ಅದ್ಕೇ ದುರೈ ರಕಂ. ನೀವೇನ್ ಅಂದ್ಕೊಂಡ್ರಿ?"

ನಾನು ಏನಂದುಕೊಂಡೆ ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಬೆನ್ನು ತಿರುಗಿಸಿ ಮತ್ತೆ ಟೊಮೆಟೊ ಆರಿಸತೊಡಗಿದಳು. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ನಾನೂ ಒಂದನ್ನು ಎತ್ತಿಕೊಂಡು ಒತ್ತಿದೆ. "ಅದು ನಿನ್ನೇದು, ಬಿಡಿ" ಎಂದಳು, ನೋಡದೆಯೇ.

ಎರಡು ಬುಟ್ಟಿ ತಂದೆ. ಮಾಸ್ಟರ್ ಮೂಸಿ ನೋಡಿ ಒಲೆಯ ಕಡೆ ತಿರುಗಿದರು. ಸೌಟಿನ ಸದ್ದು ಇವತ್ತು ಜೋರಾಗಿತ್ತು.

ಜುಲೈ ೩, ಗುರುವಾರ

ಪಾಂಡೀಶ್ವರಿ ಮನೆಗೆ ಬಂದಿದ್ದಳು. ನಾನೇ ಕರೆದಿದ್ದೆ. ಪ್ರೀತಿಯಿಂದ ಕರೆದೆ ಎಂದರೆ ಸುಳ್ಳಾಗುತ್ತದೆ. ಅವಳು ಒಳಗೆ ಬರುವಾಗ ಇವರ ಮುಖ ಹೇಗಾಗುತ್ತದೆ ಎಂದು ನೋಡಬೇಕಿತ್ತು. ನೀರು ತರುವ ನೆಪದಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ.

ಅವಳು ಚೀಲದಿಂದ ಟೊಮೆಟೊ ತೆಗೆದು ಮಂಚದ ಮೇಲಿಟ್ಟಳು. ಇವರು ಅವಳನ್ನು ಸರಿಯಾಗಿ ನೋಡಲೂ ಇಲ್ಲ. ಟೊಮೆಟೊವನ್ನು ಎಡಗೈಯಲ್ಲಿ ಎತ್ತಿ, ಹೆಬ್ಬೆರಳಿನಿಂದ ಒತ್ತಿ, ಮೂಗಿನ ಹತ್ತಿರ ಹಿಡಿದು, ಹುಬ್ಬು ಗಂಟಿಕ್ಕಿ, "ನಾಳೆ... ಗೆ" ಅಂದರು.

"ಇವತ್ತಿಗೇ ಅಣ್ಣಾ! ಒತ್ತಿ ನೋಡಿ, ಎಷ್ಟು ಮೆತ್ಗಿದೆ!"

"ನಾಳೆಗೆ" ಎಂದು ಈ ಸಲ ಗಟ್ಟಿಯಾಗಿ ಅಂದರು. ಆ ಒಂದು 'ಬ್ಯಾಡ' ಬಿಟ್ಟರೆ, ಬಿದ್ದ ಮೇಲೆ ಅವರ ಬಾಯಿಂದ ಇಷ್ಟು ನೆಟ್ಟಗೆ ಬಂದ ಮಾತು ಇದೇ ಮೊದಲು. ಪಾಂಡೀಶ್ವರಿ ಕಣ್ಣೀರು ಒರೆಸಿಕೊಳ್ಳುತ್ತಾ ಅವರೊಡನೆ ವಾದಕ್ಕೆ ಕೂತಳು. ಅತ್ತೆಯೂ ಸೇರಿಕೊಂಡು ಒಂದು ಟೊಮೆಟೊ ಒತ್ತಿ ತೀರ್ಪು ಕೊಟ್ಟರು. ಇವರ ಪರವಾಗಿ, ಮತ್ತೇನು.

ನೀರಿನ ಲೋಟ ನನ್ನ ಕೈಯಲ್ಲೇ ಇತ್ತು.

ಜುಲೈ ೮, ಮಂಗಳವಾರ

ಬೀನ್ಸ್ ಮಾತ್ರ ಪ್ರಭಾಕರನ್ ಹತ್ತಿರವೇ ಚೆನ್ನಾಗಿರುತ್ತದೆ, ಅದನ್ನು ಬಿಡುವುದು ಮೂರ್ಖತನ. ಹೋದೆ. ಕುರ್ಚಿ ಹಾಕಲಿಲ್ಲ, ಚಹಾವೂ ಇಲ್ಲ, ನಾನು ಕಟ್ಟೆಯ ಮುಂದೆ ನಿಂತ ಕೂಡಲೇ ಮೂಟೆಯನ್ನು ತಾನೇ ಬಿಚ್ಚಿ ಸುರಿದ. ಕಳಿವು ಎಷ್ಟು ಎಂದು ಕೇಳಿದೆ. ಹೇಳಿದ. ಕಡಿಮೆಯಾಯಿತು ಎಂದೆ. ಏರಿಸಿದ.

ಜುಲೈ ೧೪, ಸೋಮವಾರ

ಇವರು ಬೆಳಗಿನಿಂದ "ಮಂಡಿ, ಮಂಡಿ" ಎಂದು ಹಟ ಹಿಡಿದಿದ್ದರು. ಡಾಕ್ಟರು ಒಪ್ಪಿದರು. ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಹೋದೆ.

ಮೂಟೆಯ ಮೇಲೆ ಕೂರಿಸಿದೆವು. ಎಷ್ಟು ಜನ ಬಂದರೋ! ಹಮಾಲರು, ಲಾರಿಯವರು, ಮರದ ಕೆಳಗಿನ ಹೆಂಗಸರು. ಒಬ್ಬೊಬ್ಬರಿಗೂ ಎಡಗೈ ಎತ್ತಿದರು. ಪ್ರಭಾಕರನ್ ಕೂಡ ಬಂದ. ಬಂದು ಮಂಡಿಯೂರಿ ಇವರ ಎಡಗೈಯನ್ನು ಎರಡೂ ಕೈಗಳಲ್ಲಿ ಹಿಡಿದು, "ಅಣ್ಣಾ" ಎಂದು ಅತ್ತ. ನಿಜವಾಗಿ ಅತ್ತ. ಇವರು ಕೈ ಕಿತ್ತುಕೊಳ್ಳಲಿ ಎಂದು ಕಾದೆ. ಕಿತ್ತುಕೊಳ್ಳಲಿಲ್ಲ. ಅವನ ಭುಜ ತಟ್ಟಿದರು.

ಕಾರು ಹೊರಟದ್ದೇ ತಡ, ನನಗೆ ತಡೆಯಲಾಗಲಿಲ್ಲ. "ಅವನು ಪೆಟ್ಟಿಗೆ ಮುಖ ಇಟ್ಟದ್ದು ನಿಮಗೆ ಹೇಳಿದ್ದೆನಲ್ಲ! ಮೊದಲೂ ಇಡ್ತಿದ್ನಾ?"

"ಹೂಂ."

"ನಿಮಗೆ ಗೊತ್ತಿತ್ತಾ?"

"ಗೊತ್ತು." ಸ್ವಲ್ಪ ಹೊತ್ತು ಹುಡುಕಿ ಇನ್ನೊಂದು ಮಾತು ತಂದರು. "ಸುರೀತಿದ್ದೆ."

ಗೊತ್ತಿದ್ದೂ ಅವನೊಡನೆ ಇಷ್ಟು ವರ್ಷ ಚಹಾ ಕುಡಿದದ್ದು, ನನಗೆ ಒಂದು ಮಾತು ಹೇಳದೆ ಇದ್ದದ್ದು, ನಾನು ಆ ಕಟ್ಟೆಯ ಮುಂದೆ ದಡ್ಡಿಯ ಹಾಗೆ ಕುರ್ಚಿಯಲ್ಲಿ ಕೂತದ್ದು, ಎಲ್ಲವನ್ನೂ ಸೇರಿಸಿ ಬೈದೆ. ದಾರಿಯುದ್ದಕ್ಕೂ ಬೈದೆ. ತಮಗೆ ಏನಾದರೂ ಆದರೆ ಇವಳಿಗೆ ಏನು ಗೊತ್ತಿರಬೇಕು ಎಂದು ಒಂದು ದಿನವಾದರೂ ಯೋಚಿಸಿದ್ದೀರಾ ಎಂದು ಕೇಳಿದೆ. ಇವರು ಕಿಟಕಿಯಾಚೆ ನೋಡುತ್ತಾ ಕೇಳಿಸಿಕೊಂಡರು.

ಕೊನೆಗೆ ಉಸಿರು ಸಾಕಾಗಿ ನಿಲ್ಲಿಸಿದೆ. ಆಮೇಲೆ ಅದೂ ಬಾಯಿಂದ ಬಂದುಬಿಟ್ಟಿತು. "ಪಾಂಡೀಶ್ವರಿ ಮೇಲೆ ನಾನು ಸಂಶಯ ಪಟ್ಟೆ."

ತಿರುಗಿ ನನ್ನನ್ನು ನೋಡಿದರು. ಅರ್ಧ ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ.

"ಗೊತ್ತು" ಅಂದರು. "ಅಮುದಾ."

ನಾನು ಆಚೆ ತಿರುಗಿ ಕೂತೆ. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಾ, "ಅಕ್ಕಾ, ಕೇಳಬಾರದು. ಇಷ್ಟು ಹೊತ್ತು ನೀವು ಬೈದದ್ದು ಯಾವ ಭಾಷೆ?" ಎಂದು ತಮಿಳಿನಲ್ಲಿ ಕೇಳಿದ.

ಅವನಿಗೆ ಯಾಕೆ ಬೇಕೋ. ಈ ಡ್ರೈವರನ್ನು ಇನ್ನೊಮ್ಮೆ ಕರೆಯಬಾರದು, ಬಾಡಿಗೆಯೂ ಜಾಸ್ತಿ ಹೇಳುತ್ತಾನೆ.